ಒಬ್ಬ ಆಡಿಕೊಂಡಾಗ ಹತ್ತು ಮಂದಿ ಏನು ಮಾಡಬೇಕು? ಹೈಸ್ಕೂಲು ಮಕ್ಕಳಿಗೆ ಎಂಟು ಸೂತ್ರಗಳು

ರಾಯಚೂರಿನ ಕನ್ನಡ, ಮಂಗಳೂರಿನ ಕನ್ನಡ, ಮನೆಯಲ್ಲಿ ಉರ್ದು, ತೆಲುಗು, ನೇಪಾಳಿ. ಬೆಂಗಳೂರಿನ ಎಷ್ಟೋ ಹೈಸ್ಕೂಲುಗಳಲ್ಲಿ ಇವೆಲ್ಲ ಒಂದೇ ತರಗತಿಯಲ್ಲಿ ಸಿಗುತ್ತವೆ. ಆಡಿಕೊಳ್ಳುವವರಿಗೆ ಸರಕಿಗೆ ಬರವಿಲ್ಲ. ಆದರೆ ಆಡಿಕೊಳ್ಳುವವನು ಒಬ್ಬ, ನಗುವವರು ಹತ್ತು ಮಂದಿ. ಈ ಸೂತ್ರಗಳು ಆ ಹತ್ತು ಮಂದಿಗೆ.

1. ತಮಾಷೆಯೋ ಕಿರುಕುಳವೋ, ಮೊದಲು ತಿಳಿಯಿರಿ.
ನಾರ್ವೆಯಲ್ಲಿ ಈ ವಿಷಯದ ಸಂಶೋಧನೆಗೆ ದಾರಿ ಹಾಕಿದ ಡಾನ್ ಓಲ್ವಿಯಸ್ ಮೂರು ಗುರುತು ಕೊಟ್ಟಿದ್ದಾರೆ: ಬೇಕೆಂದೇ ನೋಯಿಸುವುದು, ಮತ್ತೆ ಮತ್ತೆ ನೋಯಿಸುವುದು, ತಿರುಗಿ ನಿಲ್ಲಲಾಗದವರನ್ನೇ ಹಿಡಿಯುವುದು. ಗೆಳೆಯರಿಬ್ಬರು ಒಬ್ಬರ ಕಾಲನ್ನೊಬ್ಬರು ಎಳೆದರೆ ತಮಾಷೆ. ಒಬ್ಬನ ಕಾಲನ್ನೇ ಎಲ್ಲರೂ ದಿನಾ ಎಳೆದರೆ ಕಿರುಕುಳ.

2. ನಗಬೇಡಿ.
"ನಾ ಬರಂಗಿಲ್ರೀ ಸರ್" ಎಂದವನ ಧಾಟಿಯನ್ನು ಹಿಂದಿನ ಬೆಂಚಿನವನು ಅಣಕಿಸುತ್ತಾನೆ. ಅಣಕಿಸಿದ ಕೂಡಲೇ ಸುತ್ತ ಕಣ್ಣಾಡಿಸುತ್ತಾನೆ, ಯಾರು ನಕ್ಕರು ಎಂದು. ಯಾರೂ ನಗದಿದ್ದರೆ ಅವನ ಆಟ ಅಲ್ಲಿಗೇ ಸಪ್ಪೆ. ಫಿನ್‌ಲ್ಯಾಂಡಿನ ತುರ್ಕು ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟಿನಾ ಸಾಲ್ಮಿವಾಲಿ ಅವರ ತಂಡ ರೂಪಿಸಿದ ‘ಕಿವಾ’ ಕಾರ್ಯಕ್ರಮ ಕಣ್ಣಿಟ್ಟಿದ್ದೂ ಹೀಗೆ ನೋಡುತ್ತ ನಿಲ್ಲುವವರ ಮೇಲೆಯೇ. ಅದು ಜಾರಿಯಾದ ಶಾಲೆಗಳಲ್ಲಿ ಕಿರುಕುಳ ಇಳಿಯಿತು.

3. ಭಾಷಣ ಬೇಡ, ಜೊತೆ ಕೊಡಿ.
"ಸಾಕು ಬಿಡೋ" ಎಂದರೆ ಸಾಕು. ಅಷ್ಟೂ ಧೈರ್ಯ ಬರದಿದ್ದರೆ, ಮಾತು ಕೇಳಿಸಿಕೊಂಡವಳನ್ನು "ಬಾರೇ, ಲ್ಯಾಬಿಗೆ ಹೋಗೋಣ" ಎಂದು ಕರೆದುಕೊಂಡು ಹೊರಡಿ.

4. ಊಟದ ಡಬ್ಬಿ ನೋಡಿ ಮೂಗು ಮುಚ್ಚಬೇಡಿ.
ಒಬ್ಬರದು ಒಣಮೀನಿನ ಚಟ್ನಿ, ಇನ್ನೊಬ್ಬರದು ಖಡಕ್ ರೊಟ್ಟಿ, ಶೇಂಗಾ ಹಿಂಡಿ. ನಿಮಗೆ ಒಗ್ಗದಿದ್ದರೆ ತಿನ್ನಬೇಡಿ, "ಅಯ್ಯೇ, ವಾಸನೆ" ಅನ್ನಬೇಡಿ. ಡಬ್ಬಿಯ ಮುಚ್ಚಳ ಅಡ್ಡ ಹಿಡಿದು, ತಲೆ ತಗ್ಗಿಸಿ ಉಣ್ಣುವವರು ನಿಮ್ಮ ತರಗತಿಯಲ್ಲಿದ್ದಾರೆಯೇ? ಯಾರೋ ಹಿಂದೆ ಹಾಗೆ ಅಂದಿರಬಹುದು. ಅವರ ಪಕ್ಕ ಕೂತು ಉಣ್ಣಿ.

5. "ನೀವು ಯಾವ ಜನ?" ಎಂದು ಕೇಳಬೇಡಿ.
ಮೈಬಣ್ಣ, ಮುಖಚಹರೆ ನೋಡಿ ಅಡ್ಡಹೆಸರೂ ಇಡಬೇಡಿ. ಇಟ್ಟವರು ಪಿಯುಸಿಗೆ ಹೋಗುವಷ್ಟರಲ್ಲಿ ಮರೆಯುತ್ತಾರೆ, ಇಡಿಸಿಕೊಂಡವರು ಮರೆಯುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರನ್ನು ನಾಲ್ಕು ಜನರೆದುರು ಜಾತಿ ಹಿಡಿದು ಅವಮಾನಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ ಎಂಬುದೂ ಗೊತ್ತಿರಲಿ.

6. ಗುಂಪು ಬೆರೆಸಿ.
ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ 1971ರಲ್ಲಿ ಬಿಳಿಯ, ಕಪ್ಪು, ಮೆಕ್ಸಿಕನ್ ಮೂಲದ ಮಕ್ಕಳು ಒಟ್ಟಿಗೆ ಕಲಿಯತೊಡಗಿದಾಗ ಜಗಳವೋ ಜಗಳ. ಮನಶ್ಶಾಸ್ತ್ರಜ್ಞ ಎಲಿಯಟ್ ಅರಾನ್ಸನ್ ಒಂದು ಉಪಾಯ ಹೂಡಿದರು. ಪಾಠವನ್ನು ಭಾಗ ಮಾಡಿ ಗುಂಪಿನ ಒಬ್ಬೊಬ್ಬರಿಗೂ ಒಂದೊಂದು ಭಾಗ ಕೊಟ್ಟರು. ಪೂರ್ತಿ ಪಾಠ ತಿಳಿಯಬೇಕಾದರೆ ಪಕ್ಕದವರ ಮಾತಿಗೆ ಕಿವಿಗೊಡಲೇಬೇಕು! ನಿಮ್ಮ ಸಮಾಜ ವಿಜ್ಞಾನದ ಪ್ರಾಜೆಕ್ಟನ್ನೂ ಹೀಗೆ ಹಂಚಿಕೊಳ್ಳಿ. ಗೆಳೆಯರನ್ನೇ ಆರಿಸಿಕೊಳ್ಳುವ ಬದಲು ಚೀಟಿ ಎತ್ತಿ ಗುಂಪು ಮಾಡಿ.

7. ಫಾರ್ವರ್ಡ್ ಮಾಡಬೇಡಿ.
ಸಹಪಾಠಿಯ ಫೋಟೊದಿಂದ ಮಾಡಿದ ಸ್ಟಿಕರ್ ವಾಟ್ಸ್ಆ್ಯಪ್ ಗುಂಪಿಗೆ ಬಂತೇ? ನಿಮ್ಮ ಫೋನಿನಿಂದ ಮುಂದೆ ಹೋಗದಿರಲಿ. ನಗುವ ಇಮೋಜಿಯನ್ನೂ ಒತ್ತಬೇಡಿ. ಗುಂಪಿನ ಸ್ಕ್ರೀನ್‌ಶಾಟ್ ತೆಗೆದು ದೊಡ್ಡವರಿಗೆ ತೋರಿಸಿ.

8. ಹೇಳಿ, ಅದು ಚಾಡಿಯಲ್ಲ.
ನಿಮಗೆ ನಂಬಿಕೆಯಿರುವ ಶಿಕ್ಷಕರಿಗೆ ಯಾವತ್ತು, ಎಲ್ಲಿ, ಏನು ಅಂದರು ಎಂದು ಬಿಡಿಸಿ ಹೇಳಿ. ಅಲ್ಲಿ ಆಗದಿದ್ದರೆ ಮುಖ್ಯ ಶಿಕ್ಷಕರು, ಮನೆಯವರು. ಯಾರಿಗೂ ಹೇಳಲಾಗದಿದ್ದರೆ ಮಕ್ಕಳ ಸಹಾಯವಾಣಿ 1098. ಮನಸ್ಸು ತೀರಾ ಕುಗ್ಗಿದ್ದರೆ ಟೆಲಿ ಮಾನಸ್ 14416. ಎರಡೂ ಉಚಿತ, ಹಗಲೂ ರಾತ್ರಿಯೂ ಸಿಗುತ್ತವೆ.

ಎಂಟನ್ನೂ ಒಂದೇ ಸಲ ಪಾಲಿಸಲು ಹೊರಡಬೇಡಿ. ನಾಳೆ ಎರಡನೆಯದನ್ನು ಮಾಡಿ ನೋಡಿ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.