ರಿಪೋರ್ಟ್ ಬಂದಿದೆ, ಕಾಯಿಲೆಯ ಹೆಸರು ಇನ್ನೂ ಬಂದಿಲ್ಲ

ಅಕ್ಕನ ಪಾದಗಳಿಗೆ ಹಿಡಿದ ಜೋಮು ಬಿಡದಾದಾಗ ಹಾಸನದಿಂದ ಬೆಂಗಳೂರಿಗೆ ಕರೆತಂದೆವು. ನರರೋಗ ತಜ್ಞರು ಪರೀಕ್ಷೆಗಳನ್ನು ಬರೆದು, ಮೂರು ವಾರ ಬಿಟ್ಟು ಬನ್ನಿ ಅಂದರು. ರಿಪೋರ್ಟುಗಳು ಎರಡೇ ದಿನಕ್ಕೆ ಮೊಬೈಲಿಗೆ ಬಂದವು. ಆಮೇಲಿನ ದಿನಗಳು ಕಾಯಿಲೆಗಿಂತ ಕಷ್ಟವಾದವು. ಅಂಥ ದಿನಗಳನ್ನು ಈಗ ಕಳೆಯುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

1. ಪ್ರಶ್ನೆ ಏನೆಂದು ಮೊದಲು ತಿಳಿದುಕೊಳ್ಳಿ. ಪ್ರತಿ ಪರೀಕ್ಷೆಯೂ ಯಾವುದೋ ಒಂದು ಪ್ರಶ್ನೆಗೆ ಉತ್ತರ. ಪ್ರಶ್ನೆ ಗೊತ್ತಿಲ್ಲದೆ ಉತ್ತರ ಓದಿದರೆ ಭಯ ಮಾತ್ರ ಸಿಗುತ್ತದೆ. ಡಾಕ್ಟರು ಚೀಟಿ ಬರೆಯುವಾಗಲೇ ಕೇಳಿ: “ಇದರಿಂದ ಏನು ಗೊತ್ತಾಗುತ್ತೆ ಡಾಕ್ಟ್ರೇ? ನಾರ್ಮಲ್ ಬಂದ್ರೆ ಮುಂದೇನು?” ಹೇಳಿದ್ದನ್ನು ಅಲ್ಲೇ ಬರೆದುಕೊಳ್ಳಿ.

2. ದಪ್ಪಕ್ಷರ ಕಂಡ ಕೂಡಲೇ ಎದೆಗುಂದಬೇಡಿ. ರಕ್ತದ ರಿಪೋರ್ಟಿನ ಬಲಗಡೆ ಇರುವ ಮಿತಿಯನ್ನು ಸಾಮಾನ್ಯವಾಗಿ 100 ಆರೋಗ್ಯವಂತರಲ್ಲಿ 95 ಮಂದಿ ಒಳಗೆ ಬರುವಂತೆ ಗುರುತಿಸಿರುತ್ತಾರೆ. ಉಳಿದ ಐವರೂ ಆರೋಗ್ಯವಂತರೇ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ, ಏನೂ ಕಾಯಿಲೆಯಿಲ್ಲದವರಿಗೂ ಒಂದಾದರೂ ಅಂಕಿ ಮಿತಿ ದಾಟುವ ಸಾಧ್ಯತೆ ಶೇ. 64ರಷ್ಟಿದೆ.

3. ಎಂಆರ್‌ಐ ವರದಿಯ ಭಾಷೆ ಕಲಿಯಿರಿ. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚು ನಿದ್ದೆ ಕೆಡಿಸುವುದು ಇದೇ. ‘ಲೀಷನ್’ ಅಂದರೆ ಸುತ್ತಲಿನ ಭಾಗಕ್ಕಿಂತ ಬೇರೆಯಾಗಿ ಕಾಣುವ ಜಾಗ, ಅಷ್ಟೇ. ಅಕ್ಕ ಅದನ್ನು ಕ್ಯಾನ್ಸರ್ ಎಂದು ಓದಿಕೊಂಡು ಎರಡು ರಾತ್ರಿ ಎದ್ದು ಕೂತಿದ್ದಳು. ‘ಟಿ2 ಹೈಪರ್‌ಇಂಟೆನ್ಸಿಟಿ’ ಅಂದರೆ ಆ ಬಗೆಯ ಚಿತ್ರದಲ್ಲಿ ಬೆಳ್ಳಗೆ ಕಾಣುವ ಚುಕ್ಕೆ. ವಯಸ್ಸಾದವರಲ್ಲಿ, ಬಿಪಿ, ಶುಗರ್, ಮೈಗ್ರೇನ್ ಇರುವವರಲ್ಲಿ ಇಂಥ ಚುಕ್ಕೆಗಳು ಸಾಮಾನ್ಯ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದಲ್ಲೂ ಕಾಣುತ್ತವೆ, ಆದರೆ ಅವು ಮಿದುಳಿನ ಯಾವ ಜಾಗದಲ್ಲಿವೆ, ಆಕಾರ ಎಂಥದು, ಬೆನ್ನುಹುರಿಯಲ್ಲೂ ಇವೆಯೇ ಎಂಬುದನ್ನೆಲ್ಲ ಸೇರಿಸಿಯೇ ತಜ್ಞರು ತೀರ್ಮಾನಕ್ಕೆ ಬರುತ್ತಾರೆ. ಕೊನೆಯಲ್ಲಿ ಬರುವ ‘ಕ್ಲಿನಿಕಲ್ ಕೋರಿಲೇಷನ್’ ಇನ್ನೊಂದು ಟೆಸ್ಟಿನ ಹೆಸರಲ್ಲ. “ನಾನು ಚಿತ್ರ ನೋಡಿದ್ದೇನೆ, ರೋಗಿಯನ್ನು ನೋಡಿಲ್ಲ, ನೋಡಿದವರು ಹೊಂದಿಸಿಕೊಳ್ಳಲಿ” ಎಂದು ರೇಡಿಯಾಲಜಿಸ್ಟ್ ಹೇಳುವ ಪ್ರಾಮಾಣಿಕ ಮಾತು ಅದು.

4. ನಾರ್ಮಲ್ ಅಂದರೆ ಏನೂ ಇಲ್ಲ ಎಂದಲ್ಲ. ಕರೆಂಟ್ ಕೊಟ್ಟು ಮಾಡುವ ಎನ್‌ಸಿಎಸ್ ಪರೀಕ್ಷೆ ದಪ್ಪ ನರತಂತುಗಳನ್ನು ಮಾತ್ರ ಅಳೆಯುತ್ತದೆ. ಉರಿ, ನೋವು ತರುವ ಸಣ್ಣ ತಂತುಗಳ ತೊಂದರೆ ಅದಕ್ಕೆ ಸಿಗುವುದಿಲ್ಲ. ಮೂರ್ಛೆ ರೋಗ ಇರುವವರಲ್ಲೂ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಒಂದು ಸಲ ನಾರ್ಮಲ್ ಬರಬಹುದು. ಗೀಲನ್-ಬಾರೆ ಎಂಬ ನರಗಳ ಕಾಯಿಲೆಯ ಮೊದಲ ವಾರದಲ್ಲಿ ಬೆನ್ನುನೀರಿನ ಪರೀಕ್ಷೆಯೂ ಸರಿಯಾಗಿಯೇ ಕಾಣಬಹುದು. ಪಾರ್ಕಿನ್ಸನ್ ಕಾಯಿಲೆಯನ್ನು ಇಂದಿಗೂ ಮುಖ್ಯವಾಗಿ ರೋಗಿಯನ್ನು ಪರೀಕ್ಷಿಸಿಯೇ ಗುರುತಿಸುತ್ತಾರೆ. ಮನೆಯವರಲ್ಲಿ ಒಂದು ವಿನಂತಿ: “ಎಲ್ಲಾ ನಾರ್ಮಲ್ ಬಂದಿದೆಯಲ್ಲ, ಸುಮ್ನೆ ಮನಸ್ಸಿಗೆ ಹಚ್ಕೊಂಡಿದ್ದೀಯ” ಎಂದು ಅನ್ನಬೇಡಿ. ಕಾಲು ಉರಿಯುತ್ತಿರುವುದು ಅವರಿಗೆ, ರಿಪೋರ್ಟಿಗಲ್ಲ.

5. ರಕ್ತ ಕೊಡುವ ಮೊದಲೇ ಬಿ12 ಸೂಜಿ ಚುಚ್ಚಿಸಿಕೊಳ್ಳಬೇಡಿ. ಊರಿನ ಕ್ಲಿನಿಕ್ಕಿನಲ್ಲಿ ಅಕ್ಕನಿಗೆ ಶಕ್ತಿಗೆಂದು ಅದನ್ನೇ ಕೊಟ್ಟಿದ್ದರು. ಆಮೇಲೆ ತೆಗೆದ ರಕ್ತದಲ್ಲಿ ಬಿ12 ಮಿತಿ ಮೀರಿತ್ತು. ಮೊದಲು ಕೊರತೆ ಇತ್ತೋ ಇಲ್ಲವೋ ಎಂಬುದು ಅದರಿಂದ ತಿಳಿಯಲೇ ಇಲ್ಲ. ಸಸ್ಯಾಹಾರಿಗಳಲ್ಲಿ ಈ ಕೊರತೆ ಹೆಚ್ಚು, ನರಗಳಿಗೆ ಅದರಿಂದ ನಿಜವಾದ ಹಾನಿಯಿದೆ. ಮಿಲಿಲೀಟರಿಗೆ 200ರಿಂದ 300 ಪಿಕೋಗ್ರಾಂ ಬಂದರೆ ಅದು ಗಡಿಯ ಮೇಲಿನ ಅಂಕಿ. ಕೊರತೆ ಖಚಿತಪಡಿಸಿಕೊಳ್ಳಲು ಹೋಮೋಸಿಸ್ಟೀನ್ ಅಥವಾ ಮೀಥೈಲ್ ಮೆಲೋನಿಕ್ ಆಸಿಡ್ ಪರೀಕ್ಷೆ ಬೇಕೇ ಎಂದು ಕೇಳಿ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ, ಥೈರಾಯ್ಡ್ ಅಂಕಿಗಳನ್ನು ಅದು ಏರುಪೇರು ಮಾಡಬಲ್ಲದು.

6. ಫಿಲ್ಮ್ ಮತ್ತು ಸಿಡಿ ಮರೆಯದೆ ಒಯ್ಯಿರಿ. ನರರೋಗ ತಜ್ಞರಿಗೆ ಎರಡು ಹಾಳೆಯ ವರದಿ ಸಾಲದು, ಚಿತ್ರವೇ ಬೇಕು. ಹಳೆಯ ಸ್ಕ್ಯಾನ್ ಇದ್ದರೆ ಅದಂತೂ ಚಿನ್ನ: ಚುಕ್ಕೆ ಬೆಳೆದಿದೆಯೋ ಹಾಗೇ ಇದೆಯೋ ಎಂದು ಹೋಲಿಸಲು ಅದೊಂದೇ ದಾರಿ. ರಾಯಚೂರಿನಿಂದ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಬರುವವರಿಗೆ ಮನೆಯಲ್ಲಿ ಮರೆತ ಒಂದು ಸಿಡಿಯ ಬೆಲೆ ಎಷ್ಟೆಂದು ಗೊತ್ತು.

7. ದಿನಕ್ಕೆರಡು ಸಾಲು ಬರೆಯಿರಿ. ಜೋಮು ಎಲ್ಲಿಂದ ಎಲ್ಲಿಗೆ ಬಂತು, ಎಷ್ಟು ಹೊತ್ತು ಇತ್ತು, ಚಪ್ಪಲಿ ಕಳಚಿದ್ದು ಗೊತ್ತಾಯಿತೇ. ನಡುಕವನ್ನೋ ಫಿಟ್ಸನ್ನೋ ಮೊಬೈಲಿನಲ್ಲಿ ವಿಡಿಯೋ ಮಾಡಿ.

8. ಕೆಲವಕ್ಕೆ ಕಾಯಲೇಬಾರದು. ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಸೋತರೆ ಕೂಡಲೇ 108ಕ್ಕೆ ಫೋನ್ ಮಾಡಿ. ಪಾರ್ಶ್ವವಾಯುವಿಗೆ ರಕ್ತದ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕಾಲಿನ ಸೋಲು ದಿನದಿಂದ ದಿನಕ್ಕೆ ಮೇಲೇರಿದರೆ, ಉಸಿರು ಅಥವಾ ನುಂಗುವುದು ಕಷ್ಟವಾದರೆ, ಮೂತ್ರ ಕಟ್ಟಿ ತೊಡೆಸಂದು ಮರಗಟ್ಟಿದರೆ, ಫಿಟ್ಸ್ ಐದು ನಿಮಿಷ ದಾಟಿದರೆ ಮುಂದಿನ ತಾರೀಖು ನೋಡುತ್ತಾ ಕೂರಬೇಡಿ. ಹೊರಡುವಾಗ ತಕ್ಷಣ ಕೈಗೆ ಸಿಗಲೆಂದು ಫೈಲನ್ನು ಬೀರುವಿನಲ್ಲಿ ಇಡದೆ ಬಾಗಿಲ ಹತ್ತಿರದ ಮೊಳೆಗೆ ನೇತುಹಾಕಿ.