ಕಬ್ಬಿನ ಎಲೆಯೂ ಹ್ಯಾಚ್ ಎಂಬ ವಿಜ್ಞಾನಿಯೂ

ಪೈರುಗಳು ಗಾಳಿಯಲ್ಲಿರುವ ಇಂಗಾಲಾಮ್ಲವಾಯುವನ್ನು ಎಲೆಗಳ ಮೂಲಕ ಹೀರಿ, ಬೇರಿನಿಂದ ಬಂದ ನೀರಿನೊಡನೆ ಸೂರ್ಯರಶ್ಮಿಯ ಬಲದಿಂದ ಸಕ್ಕರೆಯನ್ನಾಗಿ ಮಾರ್ಪಡಿಸುವುವು. ಇದಕ್ಕೆ ದ್ಯುತಿಸಂಶ್ಲೇಷಣೆಯೆಂದು ಹೆಸರು. ಅಮೆರಿಕದ ಮೆಲ್ವಿನ್ ಕ್ಯಾಲ್ವಿನ್ ಎಂಬುವರು ತಮ್ಮ ಸಂಗಡಿಗರೊಡನೆ ಈ ಕ್ರಿಯೆಯ ಕ್ರಮವನ್ನು ಪಾಚಿಯಲ್ಲಿ ಶೋಧಿಸಿ, ೧೯೬೧ರಲ್ಲಿ ನೊಬೆಲ್ ಬಹುಮಾನವನ್ನು ಪಡೆದರು. ಎಲ್ಲ ಪೈರುಗಳಿಗೂ ಇದೇ ಕ್ರಮವೆಂದು ಆಗ ಭಾವಿಸಲಾಗಿತ್ತು. ಈ ಭಾವನೆಯನ್ನು ತಿದ್ದಿದ್ದು ಕಬ್ಬು.

ಮಾರ್ಷಲ್ ಡೇವಿಡ್‌ಸನ್ ಹ್ಯಾಚ್ ಎಂಬ ಜೀವರಸಾಯನಜ್ಞರು ೧೯೩೨ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ಜನಿಸಿ, ಸಿಡ್ನಿ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗಮಾಡಿ, ೧೯೬೧ರಲ್ಲಿ ಬ್ರಿಸ್ಬೇನ್ ನಗರದಲ್ಲಿದ್ದ ಸಕ್ಕರೆ ಕಂಪನಿಯೊಂದರ ಪ್ರಯೋಗಶಾಲೆಯನ್ನು ಸೇರಿದರು. ಕಬ್ಬಿನ ಎಲೆಯಲ್ಲಿ ಮೊದಲು ಉಂಟಾಗುವ ಪದಾರ್ಥವು ಕ್ಯಾಲ್ವಿನ್ನರು ಕಂಡದ್ದಕ್ಕಿಂತ ಬೇರೆಯೆಂದು ಹವಾಯಿ ದ್ವೀಪದ ಕೋರ್ಟ್‌ಷಾಕ್ ಮೊದಲಾದವರು ೧೯೬೫ರಲ್ಲಿ ಪ್ರಕಟಿಸಿದರು. ಹ್ಯಾಚರೂ ಅವರ ಜೊತೆಗಾರರಾದ ರೋಜರ್ ಸ್ಲ್ಯಾಕರೂ ಇದರ ಕಾರಣವನ್ನು ಹುಡುಕಿದರು. ವಿಕಿರಣಶೀಲ ಇಂಗಾಲವುಳ್ಳ ವಾಯುವನ್ನು ಎಲೆಗೆ ಕೆಲವೇ ಸೆಕೆಂಡು ಕಾಲ ಒದಗಿಸಿ, ಒಡನೆಯೇ ಎಲೆಯನ್ನು ಕುದಿಯುವ ಮದ್ಯಸಾರದಲ್ಲಿ ಅದ್ದಿ, ಆ ಇಂಗಾಲವು ಯಾವ ಪದಾರ್ಥದಲ್ಲಿ ಸೇರಿದೆಯೆಂದು ಪರೀಕ್ಷಿಸಿದರು. ಸಾಮಾನ್ಯ ಪೈರುಗಳಲ್ಲಿ ಮೊದಲು ಮೂರು ಇಂಗಾಲಗಳ ಪದಾರ್ಥವು ಉಂಟಾದರೆ, ಕಬ್ಬಿನಲ್ಲಿ ನಾಲ್ಕು ಇಂಗಾಲಗಳ ಆಮ್ಲವು ಉಂಟಾಗುವುದು. ಈ ಹೊಸ ಮಾರ್ಗವನ್ನು ಅವರು ೧೯೬೬ರಲ್ಲಿ ನಿರೂಪಿಸಿದರು.

ಇದರ ಪ್ರಯೋಜನವೇನೆಂದರೆ, ಸಾಮಾನ್ಯ ಪೈರುಗಳಲ್ಲಿ ವಾಯುವನ್ನು ಹಿಡಿಯುವ ಕಿಣ್ವವು ಸೆಕೆ ಹೆಚ್ಚಿದಂತೆ ತಪ್ಪಿ ಆಮ್ಲಜನಕವನ್ನೂ ಹೆಚ್ಚಾಗಿ ಹಿಡಿಯುವುದು. ಇದರಿಂದ ಎಲೆಯು ಗಳಿಸಿದುದರಲ್ಲಿ ಒಂದು ಭಾಗವು ನಷ್ಟವಾಗುವುದು. ಕಬ್ಬಿನಲ್ಲಾದರೋ ಹೊರಗಿನ ಕೋಶಗಳು ವಾಯುವನ್ನು ಆಮ್ಲರೂಪದಲ್ಲಿ ನರಗಳ ಸುತ್ತಲಿನ ಕೋಶಗಳಿಗೆ ಸಾಗಿಸುವುವು. ಅಲ್ಲಿ ಇಂಗಾಲಾಮ್ಲವು ದಟ್ಟವಾಗಿ ಬಿಡುಗಡೆಯಾಗುವುದರಿಂದ ನಷ್ಟವು ಅತ್ಯಲ್ಪ. ಎಲೆಯ ರಂಧ್ರಗಳನ್ನು ಅಗಲವಾಗಿ ತೆರೆಯಬೇಕಾಗಿಲ್ಲವಾದುದರಿಂದ ನೀರೂ ಉಳಿಯುವುದು.

ನಮ್ಮ ಜೋಳ, ಮುಸುಕಿನ ಜೋಳ, ರಾಗಿ, ಸಜ್ಜೆ, ನವಣೆಗಳೂ ಕಬ್ಬಿನ ವರ್ಗಕ್ಕೇ ಸೇರಿದುವು. ಬತ್ತ, ಗೋಧಿ, ಕಡಲೆ, ತೊಗರಿ, ಹತ್ತಿಗಳು ಸಾಮಾನ್ಯ ವರ್ಗದವು. ಎಲೆಯು ಬಳಸುವ ಅಷ್ಟೇ ನೀರಿನಿಂದ ಮೊದಲನೆಯ ವರ್ಗವು ಹೆಚ್ಚು ಬೆಳವಣಿಗೆಯನ್ನು ಹೊಂದುವುದು. ಆದರೆ ಕಬ್ಬಿಗೆ ನೀರು ಕಡಮೆ ಸಾಕೆಂದು ಇದರಿಂದ ಭಾವಿಸಕೂಡದು. ಕಬ್ಬು ವರ್ಷವಿಡೀ ಹೊಲದಲ್ಲಿ ನಿಲ್ಲುವುದರಿಂದ ಅದು ಕುಡಿಯುವ ಒಟ್ಟು ನೀರು ಅಪಾರ. ರಾಗಿ, ಜೋಳಗಳಾದರೋ ಕೆಲವೇ ತಿಂಗಳುಗಳಲ್ಲಿ ಕೊಯ್ಲಿಗೆ ಬರುವುವು. ಆದುದರಿಂದ ಕೆರೆ ತುಂಬದ ವರ್ಷದಲ್ಲಿ ಪೈರನ್ನು ಆರಿಸುವಾಗ ಎಲೆಯ ಗುಣವನ್ನೂ ಪೈರಿನ ಅವಧಿಯನ್ನೂ ಕೂಡಿಯೇ ಎಣಿಸತಕ್ಕದ್ದು.

ಹ್ಯಾಚರು ೧೯೭೦ರಿಂದ ಕ್ಯಾನ್‌ಬೆರದ ಸರ್ಕಾರಿ ಸಂಶೋಧನಾಲಯದಲ್ಲಿ ಇದೇ ಶೋಧನೆಯನ್ನು ಮುಂದುವರಿಸಿ, ೧೯೯೧ರಲ್ಲಿ ಜಪಾನಿನ ಅಂತರರಾಷ್ಟ್ರೀಯ ಜೀವಶಾಸ್ತ್ರ ಬಹುಮಾನವನ್ನು ಪಡೆದರು. ಈ ಗುಣವನ್ನು ಬತ್ತಕ್ಕೂ ತರಲು ವಿದ್ವಾಂಸರು ಯತ್ನಿಸುತ್ತಿರುವರು. ಅಂತಹ ಬೀಜವು ರೈತರ ಕೈಗೆ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಈ ಗುಣವನ್ನು ಹುಟ್ಟಿನಿಂದಲೇ ಪಡೆದಿರುವ ರಾಗಿ, ಜೋಳಗಳನ್ನು ಗ್ರಾಮದ ಮುಖಂಡರೂ ಜಮೀನುದಾರರೂ ಅಲಕ್ಷ್ಯಮಾಡದಿರುವುದು ಶ್ರೇಯಸ್ಕರ.