ಖಾಲಿ ಡಿಸ್ಕಿಗೆ ದೃಶ್ಯ ಮತ್ತು ದತ್ತಾಂಶ ಕಡತಗಳನ್ನು ಬರೆಯುವ ಕ್ರಮ

ತರಗತಿ: 8 ಮತ್ತು 9
ಅವಧಿ: ಮೂರು ಪೀರಿಯಡ್

ಪಾಠದ ಅಗತ್ಯ

ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಪಠ್ಯಪುಸ್ತಕದ ಹೊರಗಿನ ಕನ್ನಡ ಸಾಮಗ್ರಿಯನ್ನು ಬಹುಮಟ್ಟಿಗೆ ಶಾಲೆಯೇ ಕೂಡಿಸಿಕೊಳ್ಳಬೇಕಾಗುತ್ತದೆ. ಕಾಸರಗೋಡಿನ ಶಾಲಾ ವಾರ್ಷಿಕೋತ್ಸವದಲ್ಲಿ ಮಕ್ಕಳು ನಡೆಸಿದ ತಾಳಮದ್ದಳೆ, ಜತ್ತ ಮತ್ತು ಅಕ್ಕಲಕೋಟೆಯ ಹಳ್ಳಿಗಳ ಬೀಸುಕಲ್ಲಿನ ಪದ, ತಾಳವಾಡಿಯ ಮದುವೆಮನೆಯ ಸೋಬಾನೆ, ಮಡಕಶಿರಾ ಕಡೆಯ ಕೋಲಾಟದ ಹಾಡು ಇವು ಅಂಗಡಿಯಲ್ಲಿ ಕೊಳ್ಳಬಹುದಾದ ವಸ್ತುಗಳಲ್ಲ. ಯಾರೋ ಒಬ್ಬರು ಮೊಬೈಲಿನಲ್ಲಿ ಚಿತ್ರಿಸಿಕೊಂಡದ್ದೇ ಅನೇಕ ಸಂದರ್ಭಗಳಲ್ಲಿ ಇರುವ ಏಕೈಕ ದಾಖಲೆ. ಮೊಬೈಲು ಕೆಟ್ಟರೆ, ಜಾಗ ಸಾಲದೆಂದು ಅಳಿಸಿದರೆ, ಆ ದಾಖಲೆ ಹೋದಂತೆಯೇ. ಹಾಡಿದವರು ತೀರಿಕೊಂಡ ಮೇಲಂತೂ ಅದನ್ನು ಮತ್ತೆ ಪಡೆಯುವ ದಾರಿಯಿಲ್ಲ.

ಒಮ್ಮೆ ಮಾತ್ರ ಬರೆಯಬಹುದಾದ ಡಿಸ್ಕಿಗೆ ಒಂದು ಗುಣವಿದೆ. ಅದರಲ್ಲಿ ಬರೆದದ್ದನ್ನು ಕೈತಪ್ಪಿ ಅಳಿಸಲಾಗದು. ವೈರಸ್ಸು ಅದನ್ನು ತಿದ್ದಲಾರದು. ಟಿ.ವಿ.ಗೆ ಜೋಡಿಸಿದ ಡಿ.ವಿ.ಡಿ. ಪ್ಲೇಯರ್ ಇರುವ ಮನೆಯಲ್ಲಿ, ಇಂಟರ್ನೆಟ್ ಇಲ್ಲದೆಯೂ, ಹಾಡಿದ ಅಜ್ಜಿಯೇ ಅದನ್ನು ನೋಡಬಹುದು. ಆದರೆ ಡಿಸ್ಕೂ ಚಿರಂತನವಲ್ಲ. ಈ ಕಾರಣದಿಂದ ಹೊಸದನ್ನು ಬರೆಯುವುದರ ಜೊತೆಗೆ ಹಳೆಯದನ್ನು ಉಳಿಸಿಕೊಳ್ಳುವುದನ್ನೂ ಈ ಪಾಠದಲ್ಲಿ ಸೇರಿಸಲಾಗಿದೆ.

ಕಲಿಕೆಯ ಉದ್ದೇಶಗಳು

ಪಾಠ ಮುಗಿದಾಗ ವಿದ್ಯಾರ್ಥಿಯು
1. ಡಿಸ್ಕಿನ ಬಗೆಗಳನ್ನೂ ಅವುಗಳ ಧಾರಣ ಸಾಮರ್ಥ್ಯವನ್ನೂ ಗುರುತಿಸುವನು;
2. ದತ್ತಾಂಶದ ಡಿಸ್ಕಿಗೂ ದೃಶ್ಯದ ಡಿಸ್ಕಿಗೂ ಇರುವ ವ್ಯತ್ಯಾಸವನ್ನು ಹೇಳುವನು;
3. ಕಡತಗಳ ಗಾತ್ರವನ್ನು ಕೂಡಿಸಿ, ಡಿಸ್ಕಿಗೆ ಬರೆದು, ಪರೀಕ್ಷಿಸುವನು;
4. ಬರೆದ ಡಿಸ್ಕನ್ನು ಕಾಪಾಡುವ ಕ್ರಮವನ್ನು ಅನುಸರಿಸುವನು.

ವಿಷಯ ವಿವರಣೆ

ಸಿ.ಡಿ., ಡಿ.ವಿ.ಡಿ. ಎರಡರ ವ್ಯಾಸವೂ 120 ಮಿ.ಮೀ., ದಪ್ಪ 1.2 ಮಿ.ಮೀ. ಬರಹವು ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುತ್ತದೆ. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಡಿಸ್ಕಿನಲ್ಲಿ ಸೂಕ್ಷ್ಮವಾದ ಕುಳಿಗಳಿರುತ್ತವೆ. ಮನೆಯಲ್ಲಿ ಬರೆಯುವ ಡಿಸ್ಕಿನಲ್ಲಿ ಕುಳಿಗಳ ಬದಲಿಗೆ ಒಂದು ಬಣ್ಣದ ಪದರವಿದೆ. ಲೇಸರ್ ಕಿರಣವು ಆ ಪದರವನ್ನು ಅಲ್ಲಲ್ಲಿ ಕಾಯಿಸಿದಾಗ ಅಲ್ಲಿ ಬೆಳಕಿನ ಪ್ರತಿಫಲನ ಕಡಿಮೆಯಾಗುತ್ತದೆ. ಓದುವ ಯಂತ್ರವು ಈ ವ್ಯತ್ಯಾಸವನ್ನೇ ಓದುತ್ತದೆ. ಆಡುಮಾತಿನಲ್ಲಿ ಈ ಬರವಣಿಗೆಯನ್ನು ಬರ್ನ್ ಮಾಡುವುದು ಎನ್ನುವುದು ಇದರಿಂದಲೇ.

ಸಿ.ಡಿ.ಗೆ 780 ನ್ಯಾನೊಮೀಟರ್ ತರಂಗದೂರದ ಅವಕೆಂಪು ಕಿರಣವನ್ನೂ ಡಿ.ವಿ.ಡಿ.ಗೆ 650 ನ್ಯಾನೊಮೀಟರಿನ ಕೆಂಪು ಕಿರಣವನ್ನೂ ಬಳಸುತ್ತಾರೆ. ತರಂಗದೂರ ಕಡಿಮೆಯಾದಷ್ಟೂ ಗುರುತುಗಳನ್ನು ಚಿಕ್ಕದಾಗಿ, ಒತ್ತೊತ್ತಾಗಿ ಬರೆಯಬಹುದು. ಒಂದೇ ಅಳತೆಯ ಸಿ.ಡಿ.ಯಲ್ಲಿ 700 ಎಂ.ಬಿ., ಡಿ.ವಿ.ಡಿ.ಯಲ್ಲಿ 4.7 ಜಿ.ಬಿ. ಹಿಡಿಯಲು ಇದು ಮುಖ್ಯ ಕಾರಣ. ಎರಡು ಪದರದ ಡಿ.ವಿ.ಡಿ.ಯಲ್ಲಿ 8.5 ಜಿ.ಬಿ. ಹಿಡಿಯುತ್ತದೆ.

ಡಿಸ್ಕಿನ ಮೇಲೆ ಆರ್ ಎಂಬ ಗುರುತಿದ್ದರೆ ಅದು ಒಮ್ಮೆ ಬರೆಯುವಂಥದು. ಆರ್‌ಡಬ್ಲ್ಯೂ ಎಂದಿದ್ದರೆ ಅಳಿಸಿ ಮತ್ತೆ ಬರೆಯಬಹುದಾದದ್ದು. ಅಭ್ಯಾಸಕ್ಕೆ ಎರಡನೆಯದನ್ನೂ ಸಂರಕ್ಷಣೆಗೆ ಮೊದಲನೆಯದನ್ನೂ ಬಳಸತಕ್ಕದ್ದು.

ದತ್ತಾಂಶದ ಡಿಸ್ಕೋ ದೃಶ್ಯದ ಡಿಸ್ಕೋ?

ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ಮೊಬೈಲಿನ ಎಂಪಿ4 ಕಡತವನ್ನು ಇದ್ದಂತೆಯೇ ಡಿಸ್ಕಿಗೆ ಬರೆದರೆ ಅದು ದತ್ತಾಂಶದ ಡಿಸ್ಕು. ಕಂಪ್ಯೂಟರಿನಲ್ಲಿ ತೆರೆಯುತ್ತದೆ; ಮನೆಯ ಹಳೆಯ ಡಿ.ವಿ.ಡಿ. ಪ್ಲೇಯರಿನಲ್ಲಿ ತೆರೆಯದೆಯೂ ಇರಬಹುದು. ಎಲ್ಲ ಪ್ಲೇಯರುಗಳೂ ಓದಬೇಕಾದರೆ ದೃಶ್ಯವನ್ನು ಎಂಪೆಗ್-2 ರೂಪಕ್ಕೆ ಪರಿವರ್ತಿಸಿ, ವಿಡಿಯೋ ಟಿಎಸ್ ಎಂಬ ಫೋಲ್ಡರಿನೊಳಗೆ ನಿಗದಿಯಾದ ಕ್ರಮದಲ್ಲಿ ಜೋಡಿಸಬೇಕು. ಭಾರತದಲ್ಲಿ ಬಳಕೆಯಲ್ಲಿರುವ ಪಾಲ್ ಪದ್ಧತಿಯಲ್ಲಿ ಚಿತ್ರದ ಅಳತೆ 720 × 576 ಬಿಂದುಗಳು, ಸೆಕೆಂಡಿಗೆ 25 ಚೌಕಟ್ಟುಗಳು. ಡಿವಿಡಿ ಸ್ಟೈಲರ್ ಎಂಬ ಉಚಿತ ತಂತ್ರಾಂಶವು ಈ ಕೆಲಸವನ್ನು ಮಾಡುತ್ತದೆ.

ಪರಿವರ್ತನೆಯಲ್ಲಿ ಚಿತ್ರದ ಸ್ಪಷ್ಟತೆ ಸ್ವಲ್ಪ ಕುಂದುತ್ತದೆ. ಆದುದರಿಂದ ಹಾಡಿದವರ ಮನೆಗೆ ಕೊಡಲು ದೃಶ್ಯದ ಡಿಸ್ಕು, ಶಾಲೆಯ ಸಂಗ್ರಹಕ್ಕೆ ಮೂಲ ಕಡತಗಳುಳ್ಳ ದತ್ತಾಂಶದ ಡಿಸ್ಕು, ಹೀಗೆ ಎರಡು ಬಗೆ ಮಾಡುವುದು ಯುಕ್ತ.

ಬರೆಯುವ ಕ್ರಮ

1. ಬರೆಯಬೇಕಾದ ಎಲ್ಲ ಕಡತಗಳನ್ನೂ ಮೊದಲು ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಬೇಕು. ಮೊಬೈಲಿನಿಂದಾಗಲಿ ಪೆನ್ ಡ್ರೈವಿನಿಂದಾಗಲಿ ನೇರವಾಗಿ ಬರೆಯಬಾರದು.
2. ಪ್ರತಿಯೊಂದು ಕಡತವನ್ನೂ ತೆರೆದು, ಧ್ವನಿ ಮತ್ತು ಚಿತ್ರ ಸರಿಯಾಗಿವೆಯೇ ಎಂದು ನೋಡಬೇಕು.
3. ಖಾಲಿ ಡಿಸ್ಕನ್ನು ಅಂಚು ಹಿಡಿದು ಡ್ರೈವಿನಲ್ಲಿ ಇಡಬೇಕು. ಹೊಸ ಕಂಪ್ಯೂಟರುಗಳಲ್ಲಿ ಡ್ರೈವ್ ಇಲ್ಲದಿದ್ದರೆ ಯುಎಸ್‌ಬಿ ತಂತಿಯಿಂದ ಜೋಡಿಸುವ ಡಿ.ವಿ.ಡಿ. ರೈಟರನ್ನು ಬಳಸಬಹುದು.
4. ವಿಂಡೋಸ್ ಎರಡು ಆಯ್ಕೆಗಳನ್ನು ಕೊಡುತ್ತದೆ: ಪೆನ್ ಡ್ರೈವಿನಂತೆ ಬಳಸುವುದು, ಇಲ್ಲವೇ ಸಿ.ಡಿ., ಡಿ.ವಿ.ಡಿ. ಪ್ಲೇಯರಿಗಾಗಿ ಬಳಸುವುದು. ಎರಡನೆಯದನ್ನು ಆರಿಸಿದರೆ ಡಿಸ್ಕು ಬೇರೆ ಯಂತ್ರಗಳಲ್ಲೂ ತೆರೆಯುವ ಸಾಧ್ಯತೆ ಹೆಚ್ಚು. ಲಿನಕ್ಸ್ ಇರುವ ಶಾಲೆಗಳಲ್ಲಿ ಬ್ರಸೆರೊ ಅಥವಾ ಕೆ3ಬಿ ತಂತ್ರಾಂಶವನ್ನು ಬಳಸಬಹುದು.
5. ವೇಗವನ್ನು ಮಧ್ಯಮವಾಗಿ ಇಡಬೇಕು. 16 ಪಟ್ಟಿನ ಡಿ.ವಿ.ಡಿ.ಗೆ 8 ಪಟ್ಟು ಸಾಕು. ಡಿ.ವಿ.ಡಿ.ಯ ಒಂದು ಪಟ್ಟು ಎಂದರೆ ಸೆಕೆಂಡಿಗೆ ಸುಮಾರು 1.385 ಎಂ.ಬಿ.; ಸಿ.ಡಿ.ಯ ಒಂದು ಪಟ್ಟು ಎಂದರೆ ಸೆಕೆಂಡಿಗೆ 150 ಕೆ.ಬಿ. ಮಾತ್ರ.
6. ಬರೆಯುವಾಗ ಬೇರೆ ಕೆಲಸಗಳನ್ನು ನಿಲ್ಲಿಸಬೇಕು. ನಡುವೆ ವಿದ್ಯುತ್ ಹೋದರೆ ಒಮ್ಮೆ ಬರೆಯುವ ಡಿಸ್ಕು ವ್ಯರ್ಥವಾಗಬಹುದು. ಯುಪಿಎಸ್ ಇರುವ ಕಂಪ್ಯೂಟರನ್ನೇ ಆರಿಸಿಕೊಳ್ಳಬೇಕು.
7. ಕೊನೆಯಲ್ಲಿ ಡಿಸ್ಕನ್ನು ಮುಕ್ತಾಯಗೊಳಿಸಬೇಕು. ಹಾಗೆ ಮಾಡದ ಡಿಸ್ಕನ್ನು ಅನೇಕ ಪ್ಲೇಯರುಗಳು ಓದುವುದಿಲ್ಲ.
8. ಡಿಸ್ಕನ್ನು ಹೊರತೆಗೆದು, ಬೇರೊಂದು ಕಂಪ್ಯೂಟರಿನಲ್ಲಿ ಎಲ್ಲ ಕಡತಗಳನ್ನೂ ತೆರೆದು ನೋಡಬೇಕು. ಇದಾದ ಮೇಲೆಯೇ ಮೊಬೈಲಿನ ಮೂಲವನ್ನು ಅಳಿಸುವ ವಿಚಾರ ಮಾಡಬಹುದು.

ಕನ್ನಡ ಕಡತಗಳ ವಿಷಯದಲ್ಲಿ ಎಚ್ಚರ

ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಕಡತದಲ್ಲಿ ಕನ್ನಡದ ಆಕಾರಗಳು ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕುಳಿತಿರುತ್ತವೆ. ಆ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಶಾಲೆಯ ಹೊರಗೆ ಮರಾಠಿಯ, ತಮಿಳಿನ, ತೆಲುಗಿನ ಅಥವಾ ಮಲಯಾಳದ ಅಕ್ಷರಶೈಲಿಗಳೇ ಇರುವ ಊರುಗಳಲ್ಲಿ ಈ ತೊಂದರೆ ಹೆಚ್ಚು. ಆದಕಾರಣ ಡಿಸ್ಕಿಗೆ ಬರೆಯುವ ಮುನ್ನ ಬರಹವನ್ನು ಯೂನಿಕೋಡಿಗೆ ಪರಿವರ್ತಿಸಿ, ಜೊತೆಗೆ ಒಂದು ಪಿಡಿಎಫ್ ಪ್ರತಿಯನ್ನೂ ಇಡಬೇಕು. ಕನ್ನಡ ಲಿಪಿಯಲ್ಲಿ ಕೊಟ್ಟ ಕಡತದ ಹೆಸರನ್ನು ಹಳೆಯ ಪ್ಲೇಯರುಗಳು ತೋರಿಸಲಾರವು. ಹೆಸರನ್ನು ಚಿಕ್ಕದಾಗಿ ರೋಮನ್ ಅಕ್ಷರ ಮತ್ತು ದಿನಾಂಕದಲ್ಲಿ ಕೊಟ್ಟು, ಹಾಡಿದವರು ಯಾರು, ಊರು ಯಾವುದು, ಸಂದರ್ಭವೇನು ಎಂಬ ವಿವರವನ್ನು ಕನ್ನಡದ ಒಂದು ಪ್ರತ್ಯೇಕ ಕಡತದಲ್ಲಿ ಬರೆಯುವುದು ಒಳ್ಳೆಯದು.

ತರಗತಿಯ ಚಟುವಟಿಕೆ

ವಿದ್ಯಾರ್ಥಿಗಳನ್ನು ಐದೈದು ಜನರ ಗುಂಪುಗಳಾಗಿ ವಿಂಗಡಿಸಿ, ತಮ್ಮ ಓಣಿಯ ಹಿರಿಯರೊಬ್ಬರ ಹಾಡನ್ನೋ ಕಥೆಯನ್ನೋ ಚಿತ್ರಿಸಿ ತರಲು ತಿಳಿಸಬೇಕು. ಮೊದಲು ಅವರ ಒಪ್ಪಿಗೆ ಪಡೆಯುವುದು ಕಡ್ಡಾಯ. 1957ರ ಕೃತಿಸ್ವಾಮ್ಯ ಕಾಯಿದೆಯು ಹಾಡುವವರಿಗೂ ಆಡುವವರಿಗೂ ತಮ್ಮ ಪ್ರದರ್ಶನದ ಮೇಲೆ ಹಕ್ಕನ್ನು ಮಾನ್ಯಮಾಡಿದೆ ಎಂಬುದನ್ನೂ, ಚಲನಚಿತ್ರಗಳನ್ನು ನಕಲು ಮಾಡಿ ಹಂಚುವುದು ತಪ್ಪು ಎಂಬುದನ್ನೂ ಶಿಕ್ಷಕರು ತಿಳಿಸಬೇಕು.

ಬಳಿಕ ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಬಿಡಿಸಬೇಕು. ಕಂಪ್ಯೂಟರ್ ತೋರಿಸುವಂತೆ ಒಂದು ದೃಶ್ಯಕಡತ 1.8 ಜಿ.ಬಿ.; ತಲಾ 4 ಎಂ.ಬಿ.ಯ 250 ಭಾವಚಿತ್ರಗಳು. ತಲಾ 5 ಎಂ.ಬಿ.ಯ 12 ಹಾಡುಗಳು. ಒಟ್ಟು ಸುಮಾರು 2.84 ಜಿ.ಬಿ. ಇದೇ ಡಿ.ವಿ.ಡಿ.ಯಲ್ಲಿ 1.8 ಜಿ.ಬಿ.ಯ ಇನ್ನೊಂದು ದೃಶ್ಯ ಹಿಡಿಸುವುದೇ? 4.7ರಲ್ಲಿ 2.84 ಕಳೆದರೆ 1.86 ಉಳಿಯುವುದರಿಂದ ಹಿಡಿಸುತ್ತದೆ ಎಂದು ವಿದ್ಯಾರ್ಥಿಗಳು ಹೇಳುವರು. ಆದರೆ ಹಿಡಿಸದು. ಡಿಸ್ಕಿನ ಮೇಲೆ ಮುದ್ರಿಸಿದ 4.7 ಎಂಬುದು ಸಾವಿರದ ಲೆಕ್ಕ. ವಿಂಡೋಸ್ ಎಣಿಸುವುದು 1024ರ ಲೆಕ್ಕದಲ್ಲಿ. ಆ ಲೆಕ್ಕದಲ್ಲಿ ಡಿಸ್ಕಿನ ಸಾಮರ್ಥ್ಯ ಸುಮಾರು 4.38 ಜಿ.ಬಿ. ಮಾತ್ರ, ಉಳಿಯುವುದು 1.54. ಹೋಲಿಸುವ ಮೊದಲು ಅಳತೆಯ ಮಾನ ಒಂದೇ ಆಗಿರಬೇಕೆಂಬ ಗಣಿತದ ನಿಯಮವು ಇಲ್ಲಿ ಮನದಟ್ಟಾಗುತ್ತದೆ.

ಸಂರಕ್ಷಣೆ

ಸಿ.ಡಿ.ಯಲ್ಲಿ ಬರಹದ ಪದರವು ಹೆಸರು ಬರೆಯುವ ಮೇಲ್ಮೈಗೆ ತೀರ ಹತ್ತಿರವಿದೆ. ಆ ಬದಿಯ ಗೀರು ಕೆಳಬದಿಯ ಗೀರಿಗಿಂತ ಹೆಚ್ಚು ಅಪಾಯಕರ. ಡಿ.ವಿ.ಡಿ.ಯಲ್ಲಿ ಪದರವು 0.6 ಮಿ.ಮೀ.ನ ಎರಡು ಹಾಳೆಗಳ ನಡುವೆ ಇರುತ್ತದೆ. ಎರಡಕ್ಕೂ ಬಾಲ್‌ಪೆನ್ ಸಲ್ಲದು. ಡಿಸ್ಕಿಗೆಂದೇ ಬರುವ ಮೆತ್ತನೆಯ ತುದಿಯ ಪೆನ್ನಿನಿಂದ ನಡುವಿನ ಪಾರದರ್ಶಕ ವರ್ತುಲದಲ್ಲಿ ಬರೆಯಬೇಕು. ಕಾಗದದ ಚೀಟಿ ಅಂಟಿಸಿದರೆ ತಿರುಗುವಾಗ ತೂಕ ತಪ್ಪುತ್ತದೆ. ಒರೆಸುವುದಾದರೆ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ಸುತ್ತಲಾಗಿ ಅಲ್ಲ.

ಬಿಸಿಲು, ಶಾಖ, ತೇವ ಈ ಮೂರೂ ಬಣ್ಣದ ಪದರಕ್ಕೆ ಶತ್ರುಗಳು. ಕಾಸರಗೋಡಿನ ಮಳೆಗಾಲದ ತೇವವೂ ಸೊಲ್ಲಾಪುರದ ಬೇಸಗೆಯ ಕಾವೂ ಒಂದೇ ಬಗೆಯ ಎಚ್ಚರವನ್ನು ಬೇಡುತ್ತವೆ. ಡಿಸ್ಕನ್ನು ಗಟ್ಟಿ ಪೆಟ್ಟಿಗೆಯಲ್ಲಿ ಪುಸ್ತಕದಂತೆ ನಿಲ್ಲಿಸಿ, ಕಿಟಕಿಯಿಂದ ದೂರದ ಒಣ ಕಪಾಟಿನಲ್ಲಿ ಇಡಬೇಕು. ಪ್ರತಿಯೊಂದನ್ನೂ ಎರಡೆರಡು ಪ್ರತಿ ಮಾಡಿ, ಒಂದನ್ನು ಶಾಲೆಯಲ್ಲಿಯೂ ಇನ್ನೊಂದನ್ನು ಬೇರೊಂದು ಕಟ್ಟಡದಲ್ಲಿಯೂ ಇರಿಸಿ, ಮೂರನೆಯ ಪ್ರತಿಯನ್ನು ಹಾರ್ಡ್ ಡಿಸ್ಕಿನಲ್ಲಿ ಉಳಿಸಿಕೊಳ್ಳಬೇಕು.

ಶಾಲೆಯ ಕಪಾಟಿನಲ್ಲಿ ಹಿಂದಿನ ವರ್ಷಗಳ ಡಿಸ್ಕುಗಳಿದ್ದರೆ ಅವುಗಳ ಪಟ್ಟಿ ಮಾಡಿ, ಅತ್ಯಂತ ಹಳೆಯದರಿಂದ ಆರಂಭಿಸಿ ಒಂದೊಂದನ್ನೇ ಹಾರ್ಡ್ ಡಿಸ್ಕಿಗೆ ಇಳಿಸುವ ಕೆಲಸವನ್ನು ವಿದ್ಯಾರ್ಥಿಗಳಿಗೆ ವಹಿಸಬಹುದು. ಒಂದು ಡ್ರೈವ್ ಓದದ ಡಿಸ್ಕನ್ನು ಇನ್ನೊಂದು ಓದುವುದುಂಟು. ಹೀಗಾಗಿ ಮೊದಲ ಯತ್ನದಲ್ಲೇ ಡಿಸ್ಕನ್ನು ಎಸೆಯಬಾರದು.

ಮೌಲ್ಯಮಾಪನ

1. ಸಿ.ಡಿ.ಗಿಂತ ಡಿ.ವಿ.ಡಿ.ಯಲ್ಲಿ ಹೆಚ್ಚು ದತ್ತಾಂಶ ಹಿಡಿಯಲು ಕಾರಣವೇನು?
2. 4.7 ಜಿ.ಬಿ.ಯ ಡಿ.ವಿ.ಡಿ.ಯನ್ನು ಸತತವಾಗಿ 4 ಪಟ್ಟು ವೇಗದಲ್ಲಿ ಬರೆದರೆ ಸುಮಾರು ಎಷ್ಟು ನಿಮಿಷ ಬೇಕು? ಉತ್ತರ: 14 ನಿಮಿಷ.
3. ಕಂಪ್ಯೂಟರಿನಲ್ಲಿ ತೆರೆಯುವ ಡಿಸ್ಕು ಮನೆಯ ಪ್ಲೇಯರಿನಲ್ಲಿ ತೆರೆಯಲಿಲ್ಲ. ಎರಡು ಕಾರಣಗಳನ್ನು ಊಹಿಸಿ.
4. ಗುಂಪು ಬರೆದ ಡಿಸ್ಕಿನ ಒಂದು ಪ್ರತಿಯನ್ನು ಹಾಡಿದವರ ಮನೆಗೆ ತಲುಪಿಸಿ, ಅವರೊಂದಿಗೆ ಕುಳಿತು ನೋಡಿ, ಅವರು ಕೊಟ್ಟ ಹೆಚ್ಚಿನ ವಿವರಗಳನ್ನು ಶಾಲೆಯ ದಾಖಲೆ ಪುಸ್ತಕದಲ್ಲಿ ಬರೆಯಿರಿ.